ಮಾರ್ಚಿ ತಿಂಗಳ ಹಿಮ

ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ 2025ನೆಯ ಇಸವಿಯ ಫೆಬ್ರವರಿ 22ರಿಂದ 25ರವರೆಗೆ ಜರುಗತಕ್ಕದ್ದೆಂದು ನಿಶ್ಚಯವಾಗಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳು, ಕ್ರೀಡಾಪಟುಗಳೂ ವ್ಯವಸ್ಥಾಪಕರೂ ಅಣಿಯಾಗಿದ್ದಾಗ್ಯೂ, ಒಂದೇ ಒಂದು ಪದಾರ್ಥದ ಅಭಾವದಿಂದ ಮುಂದಕ್ಕೆ ಹಾಕಲ್ಪಟ್ಟವು. ಆ ಪದಾರ್ಥ ಹಿಮ. ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿರುವ ಊರಿನಲ್ಲಿ, ಜನವರಿ ಕಳೆದು ಫೆಬ್ರವರಿ ಅರ್ಧ ಮುಗಿದರೂ, ಸ್ಕೀ ಪಟ್ಟಿಗಳನ್ನು ಇಳಿಬಿಡುವಷ್ಟು ಹಿಮ ನೆಲದ ಮೇಲೆ ನಿಂತಿರಲಿಲ್ಲ. ಆ ತಿಂಗಳ ಕಡೆಯ ದಿನಗಳಲ್ಲಿ ಆಕಾಶವು ಕೃಪೆಮಾಡಿತು. ಮಾರ್ಚಿ 9ರಿಂದ 12ರವರೆಗೆ ಸ್ಪರ್ಧೆಗಳು ನಡೆದವು. ಹದಿನೈದು ದಿನಗಳ ಅಂತರ ಅಷ್ಟೇನು ದೊಡ್ಡದೆಂದು ನಮಗೆ ತೋರಬಹುದು. ಆದರೆ ಫೆಬ್ರವರಿಯ ಹಿಮವೂ ಮಾರ್ಚಿಯ ಹಿಮವೂ ಕಣ್ಣಿಗೆ ಒಂದೇ ಬಿಳುಪಾಗಿ ಕಂಡರೂ ಸ್ವಭಾವದಲ್ಲಿ ತೀರ ಬೇರೆಯಾದ ಎರಡು ವಸ್ತುಗಳು. ಒಂದರ ಮೇಲೆ ಓಡುವುದನ್ನು ಕಲಿತವನು ಇನ್ನೊಂದರ ಮೇಲೆ ಓಡಬಲ್ಲನೆಂದು ಹೇಳಲಾಗದು.

ಬೆಳಕವಾಡಿಯಲ್ಲಿ ಕುಳಿತು ಹಿಮವನ್ನು ಕುರಿತು ಬರೆಯುವುದು ಕೆಲವರಿಗೆ ವಿನೋದವಾಗಿ ಕಂಡೀತು. ಮಾರ್ಚಿ ಎಂದರೆ ನಮ್ಮ ಮಳವಳ್ಳಿ ಸೀಮೆಯಲ್ಲಿ ಬಿಸಿಲು ಬಲಿತು, ಗಗನಚುಕ್ಕಿಯ ಬಂಡೆಗಳು ನೀರಿನ ಮರೆಯಿಂದ ಹೊರಬಂದು, ಬೆಳೆದುನಿಂತ ಕಬ್ಬಿಗೆ ಇನ್ನೊಂದು ನೀರು ಸಿಕ್ಕೀತೇ ಎಂಬ ಚಿಂತೆ ಮೊದಲಾಗುವ ಕಾಲ. ಆದರೂ ಈ ವಿಷಯಕ್ಕೂ ನಮ್ಮ ನಾಡಿಗೂ ಸಂಬಂಧವಿಲ್ಲವೆನ್ನುವಂತಿಲ್ಲ. ಆ ಗುಲ್ಮಾರ್ಗ್‌ನ ಕ್ರೀಡೆಗಳಲ್ಲಿ ಕರ್ನಾಟಕಕ್ಕೆ ಚಿನ್ನದ ಪದಕಗಳನ್ನು ತಂದವರು ಕೊಡಗಿನ ಭವಾನಿ ತೆಕ್ಕಡ ನಂಜುಂಡ ಎಂಬ ತರುಣಿ. ಬಯಲುಹಿಮದ ಮೇಲೆ ಕಿಲೋಮೀಟರುಗಟ್ಟಲೆ ಸಾಗುವ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ, ದೂರದ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯೊಂದರ 5 ಕಿಲೋಮೀಟರ್ ಓಟದಲ್ಲಿಯೂ ಅವರು ಕಂಚಿನ ಪದಕ ಪಡೆದಿದ್ದಾರೆ. ಅವರಿಗೂ ಮುಂಚೆ ಗುಲ್ಮಾರ್ಗ್‌ನ ಹಿಮಕ್ಕೂ ಕೊಡಗಿಗೂ ನಂಟು ಬೆಳೆದಿತ್ತು. 1948ರ ಕಾಶ್ಮೀರ ಯುದ್ಧದಲ್ಲಿ 19ನೆಯ ಪದಾತಿ ಡಿವಿಜನ್ನಿನ ಅಧಿಪತಿಯಾಗಿ, ನವೆಂಬರ್ 1ರಂದು ಜೋಜಿ ಲಾ ಕಣಿವೆಯ ಎತ್ತರಕ್ಕೆ ಟ್ಯಾಂಕುಗಳನ್ನು ಏರಿಸಿ ಶತ್ರುಗಳನ್ನು ಬೆರಗುಗೊಳಿಸಿದವರು ಮಡಿಕೇರಿಯಲ್ಲಿ ಜನಿಸಿದ ತಿಮ್ಮಯ್ಯನವರು. ಅದೇ ವರ್ಷದ ಡಿಸೆಂಬರಿನಲ್ಲಿ ಆ ಡಿವಿಜನ್ನಿನ ಸ್ಕೀ ಶಾಲೆಯಾಗಿ ಗುಲ್ಮಾರ್ಗ್‌ನಲ್ಲಿ ಪ್ರಾರಂಭವಾದ ಸಂಸ್ಥೆಯೇ ಬೆಳೆದು ಇಂದು ಸೇನೆಯ ಉನ್ನತ ಪರ್ವತ ಯುದ್ಧಶಾಲೆಯಾಗಿದೆ. ನಮ್ಮೂರ ಪಕ್ಕದಲ್ಲಿ ಹರಿಯುವ ನದಿಯು ಹುಟ್ಟುವ ಜಿಲ್ಲೆಯೇ ಇಬ್ಬರದೂ.

ಮೊದಲು ಸ್ಕೀ ಏತಕ್ಕೆ ಜಾರುತ್ತದೆಂಬುದನ್ನು ತಿಳಿಯಬೇಕು. ಬೂಟಿನ ತಳಕ್ಕೆ ಬಿಗಿದ ಉದ್ದನೆಯ ಪಟ್ಟಿಯು ಹಿಮದ ಮೇಲೆ ಉಜ್ಜಿದಾಗ ಹುಟ್ಟುವ ಅತ್ಯಲ್ಪ ಶಾಖದಿಂದ ಹಿಮಕಣಗಳ ಮೈಮೇಲೆ ನೀರಿನ ಪೊರೆಯೊಂದು ಏರ್ಪಡುತ್ತದೆ. ಆ ಪೊರೆಯೇ ಎಣ್ಣೆಯ ಕೆಲಸವನ್ನು ಮಾಡತಕ್ಕದ್ದು. ಚಳಿಯು ಅತಿಯಾಗಿ, ಉಷ್ಣತೆಯು ಸೊನ್ನೆಗಿಂತ ಇಪ್ಪತ್ತು ಮೂವತ್ತು ಡಿಗ್ರಿ ಕೆಳಗಿಳಿದರೆ ಪೊರೆ ಏರ್ಪಡದೆ ಸ್ಕೀಯು ಮರಳಿನ ಮೇಲೆ ಎಳೆದಂತೆ ಮುಗ್ಗರಿಸುತ್ತದೆ. ಸೆಕೆಯು ಹೆಚ್ಚಿ ಹಿಮದಲ್ಲಿ ನೀರು ತುಂಬಿದರೆ ಪೊರೆಯು ದಪ್ಪವಾಗಿ ಪಟ್ಟಿಯ ತಳವನ್ನು ಹೀರಿ ಹಿಡಿದುಕೊಳ್ಳುತ್ತದೆ. ಒಳ್ಳೆಯ ಜಾರುವಿಕೆಯು ಈ ಎರಡರ ನಡುವಣ ಕಿರಿದಾದ ದಾರಿ. ಋತುವಿನ ಕೊನೆಯಲ್ಲಿ ಆ ದಾರಿಯು ಇನ್ನಷ್ಟು ಕಿರಿದಾಗಿ, ದಿನಕ್ಕೆ ಕೆಲವೇ ತಾಸುಗಳ ಕಾಲ ಮಾತ್ರ ತೆರೆದಿರುತ್ತದೆ.

ಹಿಮಾಲಯದ ಪಶ್ಚಿಮಭಾಗಕ್ಕೆ ಚಳಿಗಾಲದ ಹಿಮವನ್ನು ತರುವುದು ನಮ್ಮ ಮುಂಗಾರೂ ಅಲ್ಲ, ಹಿಂಗಾರೂ ಅಲ್ಲ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟು, ಇರಾನ್ ಆಫ್ಘಾನಿಸ್ತಾನಗಳನ್ನು ದಾಟಿ ಬರುವ ವಾಯುಕ್ಷೋಭೆಗಳಿಗೆ ಹವಾಮಾನಶಾಸ್ತ್ರಜ್ಞರು ಪಶ್ಚಿಮದ ಅಡಚಣೆಗಳೆಂದು ಹೆಸರಿಟ್ಟಿದ್ದಾರೆ. ಅವು ಬಂದಷ್ಟು ಸಲ ಹಿಮ ಬೀಳುತ್ತದೆ. ಬಾರದಿದ್ದರೆ ಆಕಾಶವು ನಿರ್ಮಲವಾಗಿ, ಚಳಿಯು ಮೂಳೆಗಿಳಿದರೂ ನೆಲವು ಬರಿದಾಗಿಯೇ ಉಳಿಯುತ್ತದೆ. ಕಾಶ್ಮೀರಿಗಳು ಚಳಿಗಾಲವನ್ನು ಮೂರು ಪಾಲು ಮಾಡಿಕೊಂಡಿದ್ದಾರೆ: ಡಿಸೆಂಬರ್ 21ರಿಂದ ನಲವತ್ತು ದಿನಗಳ ಚಿಲ್ಲೈ ಕಲಾನ್, ಅನಂತರ ಇಪ್ಪತ್ತು ದಿನಗಳ ಚಿಲ್ಲೈ ಖುರ್ದ್, ಕಡೆಗೆ ಹತ್ತು ದಿನಗಳ ಚಿಲ್ಲೈ ಬಚ್ಚಾ. ಈ ಲೆಕ್ಕದ ಮೇರೆಗೆ ಮಾರ್ಚಿ ಆರಂಭವಾಗುವಷ್ಟರಲ್ಲಿ ಚಳಿಯ ರಾಜ್ಯಭಾರವೇ ಮುಗಿದಿರುತ್ತದೆ. ಮೊದಲ ನಲವತ್ತು ದಿನಗಳಲ್ಲಿ ಬಿದ್ದ ಹಿಮವು ಗಟ್ಟಿಯಾಗಿ ತಳವೂರಿ, ಮೇಲೆ ಬೀಳುವುದಕ್ಕೆಲ್ಲ ಬುನಾದಿಯಾಗುತ್ತದೆ; ಆಗ ಬೀಳದೆ ಫೆಬ್ರವರಿಯ ಕೊನೆಗೆ ಒಮ್ಮೆಲೇ ಬಿದ್ದದ್ದು, ಎಷ್ಟೇ ಆಳವಾಗಿದ್ದರೂ, ಬುನಾದಿಯಿಲ್ಲದ ಹಿಮವೇ ಸರಿ. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನ ಇಳಿಜಾರುಗಳು ಕಂದುಬಣ್ಣದ ಒಣಹುಲ್ಲಾಗಿ ಕಾಣುತ್ತಿದ್ದ ಚಿತ್ರಗಳನ್ನು ಅನೇಕರು ನೋಡಿರಬಹುದು. ಆ ವರ್ಷ ಹೇಗೋ ಫೆಬ್ರವರಿ 21ಕ್ಕೆ ಕ್ರೀಡೆಗಳು ಆರಂಭವಾದವು; ಮರುವರ್ಷ ಆ ಅದೃಷ್ಟವೂ ಇರಲಿಲ್ಲ.

ಬಿದ್ದ ಹಿಮವು ಬಿದ್ದ ಹಾಗೆಯೇ ಇರುವುದೆಂಬುದು ಬಯಲುಸೀಮೆಯ ನಮ್ಮ ಕಲ್ಪನೆ. ಹೊಸ ಹಿಮದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗಾಳಿಯೇ. ಹತ್ತು ಸೆಂಟಿಮೀಟರ್ ಹಿಮವನ್ನು ಕರಗಿಸಿದರೆ ಸಿಗುವ ನೀರು ಒಂದು ಸೆಂಟಿಮೀಟರ್ ಮಾತ್ರ. ದಿನಗಳೆದಂತೆ ಕಣಗಳ ಕೋಡುಗಳು ಮುರಿದು, ಒಂದರ ಮೇಲೊಂದು ಕುಸಿದು, ಸಾಂದ್ರತೆಯು ಮೂರು ನಾಲ್ಕು ಪಟ್ಟು ಏರುತ್ತದೆ. ಅಲ್ಲಿಗೆ ಋತುವಿನ ಕೊನೆ ಬರುತ್ತದೆ. ಸೂರ್ಯನು ಎತ್ತರಕ್ಕೇರಿ, ಹಗಲು ಉದ್ದವಾಗಿ, ಮಧ್ಯಾಹ್ನದ ಶಾಖದಿಂದ ಹಿಮದ ಮೇಲ್ಪದರವು ತುಸು ಕರಗುತ್ತದೆ. ರಾತ್ರಿ ಪುನಃ ಹೆಪ್ಪುಗಟ್ಟುತ್ತದೆ. ಹೀಗೆ ಹಗಲು ಕರಗಿ ರಾತ್ರಿ ಗಟ್ಟಿಯಾಗುವ ಕ್ರಿಯೆಯು ಹಲವು ದಿನ ನಡೆದರೆ ಚಿಕ್ಕ ಕಣಗಳು ನಾಶವಾಗಿ ದೊಡ್ಡವು ಇನ್ನೂ ದೊಡ್ಡದಾಗಿ, ಕೊನೆಗೆ ಹಿಮವೆಲ್ಲ ಸಕ್ಕರೆಯ ಹರಳಿಗಿಂತ ದಪ್ಪನೆಯ ದುಂಡುಕಾಳುಗಳ ರಾಶಿಯಾಗುತ್ತದೆ. ಬೆಳಗಿನ ಜಾವದಲ್ಲಿ ಈ ಕಾಳುಗಳು ಒಂದಕ್ಕೊಂದು ಬೆಸೆದುಕೊಂಡು ಕಲ್ಲಿನಂತಿರುತ್ತವೆ. ಬಿಸಿಲೇರಿದಾಗ ಮೇಲಿನ ಎರಡು ಮೂರು ಬೆರಳಿನಷ್ಟು ಪದರ ಸಡಿಲವಾಗಿ, ಕೆಳಗಿನದು ಗಟ್ಟಿಯಾಗಿಯೇ ಇರುವ ಒಂದು ಸುಮುಹೂರ್ತ ಒದಗುತ್ತದೆ. ಬಲ್ಲವರು ವರ್ಷವೆಲ್ಲ ಕಾಯುವುದು ಈ ಮುಹೂರ್ತಕ್ಕಾಗಿಯೇ. ಋತುವಿನ ಕೊನೆಯ ಹಿಮವು ಕೆಟ್ಟ ಹಿಮವೆಂಬ ಮಾತನ್ನು ನಾನು ಒಪ್ಪುವವನಲ್ಲ. ಅದು ಹೊತ್ತುಗೊತ್ತನ್ನು ಅರಿತವನಿಗೆ ಮಾತ್ರ ಒಲಿಯುವ ಹಿಮ.

ಹಾಗಾದರೆ ಆ ಹೊತ್ತು ಒದಗುವುದೋ ಇಲ್ಲವೋ ಎಂಬುದನ್ನು ತಿಳಿಯುವುದು ಹೇಗೆ? ಗಿರಿಧಾಮಗಳು ಪ್ರತಿದಿನ ಪ್ರಕಟಿಸುವ ಹಿಮದ ಆಳದ ಅಂಕಿಯನ್ನು ನೋಡಿ ಪ್ರವಾಸಿಗರು ಸಂತೋಷಪಡುವುದುಂಟು. ಕನ್ನಂಬಾಡಿ ಕಟ್ಟೆಯಲ್ಲಿ 124.80 ಅಡಿ ನೀರು ತುಂಬಿತೆಂದು ಪತ್ರಿಕೆಯಲ್ಲಿ ಓದಿ ನಾವು ಹಿಗ್ಗುವುದೂ ಹೀಗೆಯೇ; ಆದರೆ ವಿಶ್ವೇಶ್ವರಯ್ಯ ನಾಲೆಯ ಕಡೆಯ ಭಾಗದಲ್ಲಿ ಗದ್ದೆಯುಳ್ಳ ಮಳವಳ್ಳಿಯ ರೈತನಿಗೆ ಆ ಅಂಕಿಯೊಂದರಿಂದಲೇ ತನ್ನ ಪೈರಿನ ಭವಿಷ್ಯ ಗೊತ್ತಾಗದೆಂಬುದು ಅನುಭವದ ಮಾತು. ಎರಡು ಮೀಟರ್ ಹಿಮವಿದ್ದೂ ಹಿಂದಿನ ರಾತ್ರಿ ಹೆಪ್ಪುಗಟ್ಟದಿದ್ದರೆ ಬೆಳಗ್ಗೆಯೇ ಮೊಣಕಾಲುದ್ದ ಹೂತುಹೋಗುವ ಗಂಜಿಯಂತಹ ರಾಶಿ ಸಿಗುತ್ತದೆ. ಒಂದೂವರೆ ಅಡಿ ಹಿಮವಿದ್ದರೂ ರಾತ್ರಿ ಚೆನ್ನಾಗಿ ಹೆಪ್ಪುಗಟ್ಟಿದ್ದರೆ ಬೆಳಗಿನ ನಾಲ್ಕು ತಾಸು ರಾಜಮಾರ್ಗವಾಗುತ್ತದೆ. ಆದ ಪ್ರಯುಕ್ತ ಋತುವಿನ ಕೊನೆಯಲ್ಲಿ ಕೇಳಬೇಕಾದದ್ದು ಹಿಮ ಎಷ್ಟಿದೆ ಎಂದಲ್ಲ, ನಿನ್ನೆಯ ರಾತ್ರಿ ಆಕಾಶ ಹೇಗಿತ್ತು ಎಂದು. ನಕ್ಷತ್ರಗಳು ಕಾಣುವ ನಿರ್ಮೇಘ ರಾತ್ರಿಯಲ್ಲಿ ಹಿಮವು ತನ್ನ ಶಾಖವನ್ನು ನೇರವಾಗಿ ಆಕಾಶಕ್ಕೆ ಬಿಟ್ಟುಕೊಡುವುದರಿಂದ, ಗಾಳಿಯ ಉಷ್ಣತೆ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿದ್ದಾಗಲೂ, ಅದರ ಮೈ ಹೆಪ್ಪುಗಟ್ಟಬಲ್ಲದು. ಮೋಡ ಮುಸುಕಿದರೆ ಆ ಶಾಖವೆಲ್ಲ ಹಿಂದಿರುಗಿ ಬಂದು ಹಿಮವನ್ನು ಒದ್ದೆಯಾಗಿಯೇ ಉಳಿಸುತ್ತದೆ.

ಕರಗುವಿಕೆಯ ಲೆಕ್ಕದಲ್ಲಿಯೂ ಸಾಮಾನ್ಯರ ನಂಬಿಕೆಗೆ ವಿರುದ್ಧವಾದ ಸಂಗತಿಗಳುಂಟು. ಒಂದು ಗ್ರಾಂ ಮಂಜುಗಡ್ಡೆಯನ್ನು ನೀರಾಗಿಸಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಅದೇ ಶಾಖದಿಂದ ಸೊನ್ನೆ ಡಿಗ್ರಿಯ ಒಂದು ಗ್ರಾಂ ನೀರನ್ನು 80 ಡಿಗ್ರಿಯವರೆಗೆ ಕಾಯಿಸಬಹುದು. ಇಷ್ಟೊಂದು ಶಾಖವನ್ನು ಒದಗಿಸಲು ಮಳೆಗೆ ಶಕ್ತಿಯಿಲ್ಲ. 10 ಡಿಗ್ರಿ ಉಷ್ಣತೆಯ ಮಳೆಯು ಎಂಟು ಗ್ರಾಂ ಸುರಿದರೆ ಒಂದು ಗ್ರಾಂ ಹಿಮ ಕರಗೀತು, ಅಷ್ಟೇ. ನಿಜವಾಗಿ ಹಿಮವನ್ನು ತಿನ್ನುವುದು ತೇವಭರಿತವಾದ ಬೆಚ್ಚನೆಯ ಗಾಳಿ: ಅದರಲ್ಲಿನ ಆವಿಯು ಹಿಮದ ಮೇಲೆ ಇಬ್ಬನಿಯಾಗಿ ನೆಲೆಗೊಳ್ಳುವಾಗ ಪ್ರತಿ ಗ್ರಾಮಿಗೂ ಸುಮಾರು 600 ಕ್ಯಾಲೊರಿ ಬಿಡುಗಡೆಯಾಗಿ ಏಳು ಗ್ರಾಮಿಗೂ ಮಿಗಿಲಾದ ಹಿಮವನ್ನು ಕರಗಿಸುತ್ತದೆ. ಬಿಸಿಲಿನ ಕಥೆ ಇನ್ನೊಂದು ಬಗೆ. ಹೊಸ ಹಿಮವು ತನ್ನ ಮೇಲೆ ಬಿದ್ದ ಬೆಳಕಿನ ಶೇಕಡ 80ರಿಂದ 90 ಪಾಲನ್ನು ಹಿಂದಕ್ಕೆ ಎಸೆಯುವುದರಿಂದ ಬಿಸಿಲು ಅದನ್ನು ಅಷ್ಟಾಗಿ ನೋಯಿಸಲಾರದು. ಹಳೆಯದಾಗಿ, ಕಣಗಳು ದಪ್ಪವಾಗಿ, ಮೇಲೆ ಧೂಳು ಕುಳಿತ ಹಿಮವು ಅರ್ಧದಷ್ಟನ್ನೂ ಹಿಂದಿರುಗಿಸದೆ ಹೀರಿಕೊಂಡು ತನ್ನ ನಾಶವನ್ನು ತಾನೇ ತ್ವರೆಗೊಳಿಸುತ್ತದೆ. ಮಾರ್ಚಿಯ ಒಂದು ವಾರದಲ್ಲಿ ಜನವರಿಯ ಒಂದು ತಿಂಗಳ ಹಿಮ ಮಾಯವಾಗುವುದು ಈ ದೆಸೆಯಿಂದ.

ಎತ್ತರವೂ ದಿಕ್ಕೂ ಈ ಲೆಕ್ಕವನ್ನು ಮತ್ತಷ್ಟು ತೊಡಕುಮಾಡುತ್ತವೆ. ಸಾವಿರ ಮೀಟರ್ ಏರಿದರೆ ಗಾಳಿಯ ಉಷ್ಣತೆಯು ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಗುಲ್ಮಾರ್ಗ್‌ನ ಗೊಂಡೋಲಾ ತೂಗುಬಂಡಿಯ ಮೊದಲ ಹಂತವು, 1998ರಲ್ಲಿ ಆರಂಭವಾದದ್ದು, ಕೊಂಗ್‌ಡೋರಿಯವರೆಗೆ. 2005ರಲ್ಲಿ ಸಿದ್ಧವಾದ ಎರಡನೆಯ ಹಂತವು ಅಫರ್ವಟ್ ಪರ್ವತದ ಹೆಗಲಿನವರೆಗೆ, ಅಂದರೆ ಸುಮಾರು 3,950 ಮೀಟರಿಗೆ ಒಯ್ಯುತ್ತದೆ. ಕೆಳಗಿನ ಬಯಲಿಗೂ ಮೇಲಿನ ಹೆಗಲಿಗೂ ಎಂಟು ಡಿಗ್ರಿಗಳ ಅಂತರ. ಕೆಳಗೆ ಕುದುರೆಯ ಗೊರಸಿಗೆ ಕೆಸರು ಮೆತ್ತುತ್ತಿರುವ ದಿನವೇ ಮೇಲೆ ಆಳುದ್ದ ಹಿಮ ಉಳಿದಿರುವುದು ಇದರಿಂದಲೇ. ಪೂರ್ವಕ್ಕೆ ಮುಖಮಾಡಿದ ಇಳಿಜಾರು ಮೊದಲು ಮೆತ್ತಗಾಗುತ್ತದೆ, ಆಮೇಲೆ ದಕ್ಷಿಣದ್ದು, ಕಡೆಗೆ ಪಶ್ಚಿಮದ್ದು. ಉತ್ತರಕ್ಕೆ ಮುಖಮಾಡಿದ್ದರ ನೆರಳಿನಲ್ಲಿ ಚಳಿಗಾಲವು ಇನ್ನೂ ಕೆಲವು ವಾರ ತಂಗಿರುತ್ತದೆ. ನುರಿತ ಸ್ಕೀಗಾರನು ಆದ್ದರಿಂದ ಸೂರ್ಯನ ಹಿಂದೆಯೇ ಒಂದು ಇಳಿಜಾರಿನಿಂದ ಇನ್ನೊಂದಕ್ಕೆ ಸರಿಯುತ್ತ, ಮಧ್ಯಾಹ್ನಕ್ಕೆ ಮುಂಚೆಯೇ ಕೆಲಸ ಮುಗಿಸಿ ಇಳಿದುಬಿಡುತ್ತಾನೆ.

ಮಧ್ಯಾಹ್ನಕ್ಕೆ ಮುಂಚೆ ಎಂಬುದು ಸುಖದ ಪ್ರಶ್ನೆ ಮಾತ್ರವಲ್ಲ. ಚಳಿಗಾಲದ ನಡುವಿನ ಹಿಮಕುಸಿತಕ್ಕೆ ಹೊಸ ಹಿಮದ ಭಾರ ಕಾರಣ. 2010ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನ ಮೇಲಿನ ಖಿಲನ್‌ಮಾರ್ಗ್‌ನಲ್ಲಿ ಮೇಲೆ ಹೇಳಿದ ಯುದ್ಧಶಾಲೆಯ 17 ಮಂದಿ ಯೋಧರು ಅಂಥದೊಂದರಲ್ಲಿ ಮೃತರಾದರು. ಋತುವಿನ ಕೊನೆಯಲ್ಲಿ ಬೇರೆಯದೇ ಬಗೆಯ ಕುಸಿತ ಸಂಭವಿಸುತ್ತದೆ: ಕರಗಿದ ನೀರು ಕಣಗಳ ನಡುವಣ ಬೆಸುಗೆಯನ್ನು ಬಿಡಿಸುತ್ತ ಕೆಳಗಿಳಿದು, ನೆಲದ ಹತ್ತಿರ ಸೇರಿ, ಇಡೀ ಪದರವನ್ನು ಒದ್ದೆ ಗಾರೆಯಂತೆ ಜಾರಿಸುತ್ತದೆ. ಇದರ ವೇಗ ಕಡಮೆ, ಆದರೆ ತೂಕ ಭಯಂಕರ. ನಿಂತಮೇಲೆ ಗಟ್ಟಿಯಾಗಿಬಿಡುವುದರಿಂದ ಒಳಗೆ ಸಿಕ್ಕವರನ್ನು ಅಗೆದು ತೆಗೆಯುವುದೂ ದುಸ್ಸಾಧ್ಯ. ಹೊಳೆಯುವ ಬಿಸಿಲಿನ ಮಧ್ಯಾಹ್ನವು ಹಿಮಗಾಳಿಯ ಬೆಳಗಿಗಿಂತ ಅಪಾಯಕರವಾಗಿರಬಹುದೆಂದರೆ ಹೊಸಬರು ನಂಬುವುದಿಲ್ಲ. ಇಳಿಜಾರಿನ ಮೇಲಿಂದ ಹಿಮದ ಉಂಡೆಗಳು ತಾವಾಗಿಯೇ ಉರುಳಿ ಬರತೊಡಗಿದರೆ, ಪರ್ವತವು ಹೊರಡೆಂದು ಹೇಳುತ್ತಿದೆಯೆಂದೇ ತಿಳಿಯಬೇಕು.

ಭವಾನಿಯವರಂಥ ಕ್ರಾಸ್ ಕಂಟ್ರಿ ಸ್ಪರ್ಧಿಗಳ ಸಂಕಟ ಇನ್ನೂ ಹೆಚ್ಚಿನದು. ಗೊಂಡೋಲಾ ಹತ್ತಿ ಮೇಲಿನ ಹಿಮಕ್ಕೆ ಓಡಿಹೋಗುವ ಸ್ವಾತಂತ್ರ್ಯ ಅವರಿಗಿಲ್ಲ. ಅವರ ಓಟಕ್ಕೆ ಏರಿಳಿತಗಳುಳ್ಳ ಬಯಲು ಬೇಕು, ಗುಲ್ಮಾರ್ಗ್‌ನಲ್ಲಿ ಅಂಥ ಬಯಲೆಂದರೆ ಗಾಲ್ಫ್ ಮೈದಾನದ ತಗ್ಗು, ತಗ್ಗಿನ ಹಿಮವೇ ಮೊದಲು ಹೋಗತಕ್ಕದ್ದು. ಅಲ್ಲಿ ಬೆಳಗಿನ ಮೊದಲ ಸ್ಪರ್ಧಿಗೆ ಗಾಜಿನಂತಹ ದಾರಿಯೂ, ಎರಡು ತಾಸು ಕಳೆದು ಹೊರಟವನಿಗೆ ಕೆಸರಿನಂತಹ ದಾರಿಯೂ ದೊರೆಯುವುದುಂಟು. ಅಂಥ ಹಿಮವನ್ನು ಗಟ್ಟಿಮಾಡಲು ಸ್ಪರ್ಧೆಯ ವ್ಯವಸ್ಥಾಪಕರು ಉಪ್ಪನ್ನು ಎರಚುತ್ತಾರೆಂದರೆ ಆಶ್ಚರ್ಯವಾದೀತು. ಉಪ್ಪು ತಾನು ತಾಕಿದ ಹಿಮವನ್ನು ಕರಗಿಸುತ್ತದೆ. ಕರಗಲು ಬೇಕಾದ ಆ 80 ಕ್ಯಾಲೊರಿಯನ್ನು ಸುತ್ತಲಿನ ಒದ್ದೆ ಹಿಮದಿಂದ ಕಸಿದುಕೊಳ್ಳುವುದರಿಂದ ಸುತ್ತಲಿನದು ಹೆಪ್ಪುಗಟ್ಟುತ್ತದೆ. ಕೆಲವು ತಾಸಿನ ಮಟ್ಟಿಗೆ ಓಟ ಸಾಗುತ್ತದೆ, ಆಮೇಲೆ ಆ ಹಿಮ ಮೊದಲಿಗಿಂತಲೂ ಹದಗೆಡುತ್ತದೆ. ಸಾಲ ಮಾಡಿ ಹಬ್ಬ ಮಾಡುವ ಉಪಾಯವಿದು. ಸ್ಕೀಯ ತಳಕ್ಕೆ ಹಚ್ಚುವ ಮೇಣದಲ್ಲಿಯೂ ಒದ್ದೆ ಹಿಮಕ್ಕೆ ಬೇರೆಯೇ ಬಗೆ. ಫ್ಲೋರಿನ್ ಬೆರೆತ ಮೇಣವು ನೀರನ್ನು ಅದ್ಭುತವಾಗಿ ದೂರಸರಿಸುತ್ತಿದ್ದುದರಿಂದ ಋತುವಿನ ಕೊನೆಯಲ್ಲಿ ಅದಕ್ಕೆ ಸಮನಾದದ್ದಿರಲಿಲ್ಲ; ಅದು ನೀರಿಗೂ ನೆಲಕ್ಕೂ ಹಚ್ಚುವವರ ದೇಹಕ್ಕೂ ಹಾನಿಕರವೆಂದು ಮನಗಂಡು ಅಂತರರಾಷ್ಟ್ರೀಯ ಸ್ಕೀ ಫೆಡರೇಷನ್ 2023-24ರ ಋತುವಿನಿಂದ ಅದನ್ನು ನಿಷೇಧಿಸಿದೆ. ನಿಷೇಧವು ನ್ಯಾಯವೇ. ಆದರೆ ಒದ್ದೆ ಹಿಮವೇ ಗತಿಯಾದ ನಮ್ಮಂಥ ದೇಶಗಳ ಸ್ಪರ್ಧಿಗಳಿಗೆ ದಾರಿ ಮತ್ತಷ್ಟು ಬಿಗಿಯಾದದ್ದೂ ನಿಜ.

ಹಿಮವನ್ನು ಯಂತ್ರದಿಂದ ತಯಾರಿಸಬಾರದೇ ಎಂದು ಯಾರಾದರೂ ಕೇಳಬಹುದು. ತಯಾರಿಸುತ್ತಾರೆ, 2022ರ ಬೀಜಿಂಗ್ ಒಲಿಂಪಿಕ್ಸ್ ಬಹುಮಟ್ಟಿಗೆ ಸಂಪೂರ್ಣವಾಗಿ ಕೃತಕ ಹಿಮದ ಮೇಲೆಯೇ ನಡೆಯಿತು. ಉತ್ತರಾಖಂಡದ ಔಲಿಯಲ್ಲಿಯೂ, 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡೆಗಳ ನಿಮಿತ್ತ, ಹಿಮ ತಯಾರಿಸುವ ಏರ್ಪಾಡು ಬಂದಿತು. ಆದರೆ ಯಂತ್ರವು ನೀರನ್ನು ಮಂಜಿನಂತೆ ಸಿಂಪಡಿಸಬಲ್ಲದೇ ವಿನಾ ಚಳಿಯನ್ನು ಸೃಷ್ಟಿಸಲಾರದು. ಹನಿಗಳು ನೆಲ ಮುಟ್ಟುವ ಮುನ್ನ ಹೆಪ್ಪುಗಟ್ಟಬೇಕಾದರೆ, ಒದ್ದೆಬಟ್ಟೆ ಸುತ್ತಿದ ಉಷ್ಣಮಾಪಕವು ಸೊನ್ನೆಗಿಂತ ಎರಡು ಡಿಗ್ರಿಯಾದರೂ ಕೆಳಗಿರಬೇಕು. ಗಾಳಿ ಒಣಗಿದ್ದರೆ ಇದು ಸುಲಭ, ತೇವವಿದ್ದರೆ ಕಷ್ಟ. ಅಂದಮೇಲೆ ಋತುವಿನ ಕೊನೆಯಲ್ಲಿ, ಅಗತ್ಯವು ಅತ್ಯಂತ ಹೆಚ್ಚಾಗಿರುವಾಗಲೇ, ಯಂತ್ರವು ಅತ್ಯಂತ ನಿರುಪಯುಕ್ತ. ಕೃತಕ ಹಿಮವನ್ನು ಜನವರಿಯಲ್ಲಿ ತಯಾರಿಸಿ ಮಾರ್ಚಿಗೆ ಉಳಿಸಿಕೊಳ್ಳುವುದೇ ಯೂರೋಪಿನವರು ಕಂಡುಕೊಂಡ ದಾರಿ.

ಉಳಿಸಿಕೊಳ್ಳುವ ಈ ಮಾತಿನಿಂದ ನಮ್ಮ ನದಿಯ ನೆನಪಾಗುತ್ತದೆ. ಶಿವನಸಮುದ್ರದ ಜಲಪಾತದಿಂದ ವಿದ್ಯುತ್ತನ್ನು ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲಿ ಕಳುಹಿಸಿದಾಗ ಜಗತ್ತೇ ಬೆರಗಾಗಿ ನೋಡಿತು. ಆದರೆ ಬೇಸಗೆಯಲ್ಲಿ ಕಾವೇರಿ ಬಡವಾಗುತ್ತಿದ್ದಳು, ಯಂತ್ರಗಳಿಗೆ ನೀರು ಸಾಲುತ್ತಿರಲಿಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಕೈಗೊಂಡದ್ದರ ಉದ್ದೇಶಗಳಲ್ಲಿ ಶಿವನಸಮುದ್ರಕ್ಕೆ ವರ್ಷಾದ್ಯಂತ ಸಮನಾದ ನೀರನ್ನು ಒದಗಿಸುವುದೂ ಒಂದು. ಕಾಶ್ಮೀರದ ಝೀಲಮ್ ನದಿಗೆ ಈ ಚಿಂತೆ ಕಡಮೆ. ಚಳಿಗಾಲದಲ್ಲಿ ಬಿದ್ದದ್ದನ್ನು ಹಿಡಿದಿಟ್ಟು, ಏಪ್ರಿಲ್ ಮೇ ತಿಂಗಳುಗಳಲ್ಲಿ ನಿಧಾನವಾಗಿ ಬಿಟ್ಟುಕೊಟ್ಟು, ಜೂನಿನ ಭತ್ತದ ನಾಟಿಗೆ ನೀರುಣಿಸುವ ಕಟ್ಟೆಯನ್ನು ಪರ್ವತವೇ ಕಟ್ಟಿಕೊಟ್ಟಿದೆ; ಅಫರ್ವಟ್‌ನ ಹಿಮವು ಸ್ಕೀಗಾರರಿಗೆ ಮೋಜಾದರೆ ಕೆಳಗಿನ ಕಣಿವೆಯ ಗದ್ದೆಗೆ ಬಂಡವಾಳ. ಆ ಹಿಮ ತಡವಾಗಿ ಬಿದ್ದು ಬೇಗ ಕರಗಿದರೆ ನಷ್ಟ ಕ್ರೀಡೆಗೆ ಮಾತ್ರವೆಂದು ಮಂಡ್ಯ ಜಿಲ್ಲೆಯವನಂತೂ ಹೇಳಲಾರ. ಹಿಮವು ಮರಳಿ ಬಾರದಂತೆ ಹೋಗಿಬಿಡುವುದೂ ಉಂಟು. ಬೊಲಿವಿಯಾದ ಚಕಲ್ತಾಯ ಪರ್ವತದಲ್ಲಿ, 5,000 ಮೀಟರಿಗೂ ಮೇಲೆ, ಜಗತ್ತಿನಲ್ಲೇ ಅತ್ಯುನ್ನತವೆಂದು ಹೆಸರಾಗಿದ್ದ ಸ್ಕೀ ಧಾಮವಿತ್ತು; ಅದರ ಹಿಮನದಿಯು 2009ರಲ್ಲಿ ಪೂರ್ತಿಯಾಗಿ ಕಣ್ಮರೆಯಾಯಿತು.

ಈಚೆಗೆ ನಮ್ಮ ಕಡೆಯಿಂದಲೂ ಪ್ರವಾಸದ ತಂಡಗಳು ಪರೀಕ್ಷೆಗಳ ಹೊತ್ತಿಗೆ ಅಥವಾ ಅವು ಮುಗಿದೊಡನೆ ಮಾರ್ಚಿ ಏಪ್ರಿಲಿನಲ್ಲಿ ಕಾಶ್ಮೀರಕ್ಕೆ ಹೋಗುವುದುಂಟು. ಹೋದವರಲ್ಲಿ ಮಕ್ಕಳು ಸ್ಕೀ ಕಲಿಯಬೇಕೆಂದು ಹಟಹಿಡಿಯುವುದೂ ಸಹಜ. ಅಂಥವರು ಬೆಳಗ್ಗೆ ಉಪಾಹಾರ ಮುಗಿಸಿ, ಫೋಟೋ ತೆಗೆಸಿಕೊಂಡು, ಹನ್ನೊಂದಕ್ಕೆ ಮೈದಾನಕ್ಕಿಳಿದರೆ ಕಲಿಯುವುದು ಬೀಳುವುದನ್ನು ಮಾತ್ರ. ರಾತ್ರಿ ಮಲಗುವ ಮುನ್ನ ಒಮ್ಮೆ ಹೊರಬಂದು ಆಕಾಶ ನೋಡಬೇಕು. ನಕ್ಷತ್ರಗಳು ಕಂಡರೆ ಶಿಕ್ಷಕನನ್ನು ಮರುದಿನ ಬೆಳಗ್ಗೆ ಎಂಟೂವರೆಗೇ ಬರಹೇಳಿ, ಮೊದಲ ಅರ್ಧ ತಾಸು ಹಿಮವು ಕಲ್ಲಿನಂತಿದ್ದರೆ ತಾಳ್ಮೆಯಿಂದ ಕಾದು, ಮೆತ್ತಗಾದೊಡನೆ ಕಲಿತು, ಊಟದ ಹೊತ್ತಿಗೆ ಮುಗಿಸತಕ್ಕದ್ದು. ಕಪ್ಪು ಕನ್ನಡಕವಿಲ್ಲದೆ ಹೋಗಕೂಡದು. ಮಾರ್ಚಿಯ ಸೂರ್ಯ ಮೇಲಿನಿಂದಲೂ ಹಿಮದ ಮೈಯಿಂದಲೂ ಎರಡು ಸಲ ಸುಡುತ್ತಾನೆ. ರಾತ್ರಿ ಮೋಡ ಮುಸುಕಿದ್ದರೆ ಸ್ಕೀ ಬಾಡಿಗೆಗೆ ಕೊಡುವ ಹಣವನ್ನು ಉಳಿಸಿ ಗೊಂಡೋಲಾದಲ್ಲಿ ಮೇಲಕ್ಕೆ ಹೋಗಿ ಬರುವುದು ಲೇಸು. ಅದರ ಟಿಕೆಟನ್ನು ಊರಿನಿಂದ ಹೊರಡುವ ಮುಂಚೆಯೇ ಆನ್‌ಲೈನಿನಲ್ಲಿ ಕಾದಿರಿಸಿಕೊಂಡಿರಬೇಕು, ಏಕೆಂದರೆ ಹಿಮ ಕಡಮೆಯಾದಷ್ಟೂ ಅದನ್ನು ನೋಡಲು ಮೇಲೇರುವವರ ಸಾಲು ಉದ್ದವಾಗುತ್ತದೆ.